ಕಿಟಕಿಯಲ್ಲಿ ಅಮ್ಮ, ಹೊರಗೆ ಏಳೂವರೆ ಅಡಿ ಹಿಮ

ಅಮ್ಮ ಬಾಣಂತನಕ್ಕೆಂದು ಮಿನ್ನಿಯಾಪೊಲಿಸ್‌ಗೆ ಬಂದಿಳಿದದ್ದು 2022ರ ನವೆಂಬರ್‌ನಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮೂರು ಬಿಟ್ಟು ಅವಳು ಅಷ್ಟು ದೂರ ಬಂದದ್ದು ಅದೇ ಮೊದಲು. ಸೂಟ್‌ಕೇಸ್ ತುಂಬ ಅಂಟಿನುಂಡೆ ಸಾಮಾನು, ಸಾಂಬ್ರಾಣಿ, ಹಳೇ ಕಾಟನ್ ಸೀರೆ ಹರಿದು ಮಾಡಿದ ಮಗುವಿನ ಬಟ್ಟೆ. ಏರ್‌ಪೋರ್ಟಿನ ಬಾಗಿಲು ದಾಟಿದವಳೇ, "ಇದೆಂತ ಮಾರಾಯ, ಫ್ರಿಜ್ಜಿನ ಒಳಗೆ ಬಂದಂಗಾಯ್ತು" ಅಂದಳು.

ಆಗಿನ್ನೂ ಏನೂ ಶುರುವಾಗಿರಲಿಲ್ಲ. ಆ ಚಳಿಗಾಲದಲ್ಲಿ ಇಲ್ಲಿ ಒಟ್ಟು 90 ಇಂಚು ಹಿಮ ಬಿತ್ತು. ದಾಖಲೆಯಲ್ಲಿ ಅದಕ್ಕೆ ಮೂರನೇ ಸ್ಥಾನ. ಒಂದೇ ಸಲ ಅಲ್ಲ, ಕಂತು ಕಂತಾಗಿ. ಆದರೂ ಏಳೂವರೆ ಅಡಿ.

ಈ ಲೆಕ್ಕ ಹೇಳಿ ಅಮ್ಮನನ್ನು ಬೆಚ್ಚಿಬೀಳಿಸೋಣ ಅಂದ್ಕೊಂಡಿದ್ದೆ. ಆಗುಂಬೆ ಪಕ್ಕದವಳಿಗೆ ಇಂಚಿನ ಲೆಕ್ಕ ಹೇಳಬಾರದು. ನಮ್ಮ ಕಡೆ ತೋಟದವರು ಈಗಲೂ ಮಳೆಯನ್ನು ಇಂಚಿನಲ್ಲೇ ಅಳೆಯೋದು. "ಪುಷ್ಯ, ಆಶ್ಲೇಷಾ ಎರಡು ಮಳೇಲಿ ನಾವು ಇಷ್ಟು ನೋಡ್ತೀವಿ. ಅದು ಹರ್ಕೊಂಡು ಹೋಗ್ತದೆ, ಇದು ಹೋಗೋದಿಲ್ಲ, ಅಷ್ಟೇ" ಅಂದಳು. ಮಳೆಗಾಲ ಇದ್ದ ಹಾಗೇ ನಡೆದುಕೊಂಡಳು ಕೂಡ. ಹೆಚ್ಚಿಗೆ ಅಕ್ಕಿ ಬೇಳೆ ತರಿಸಿದಳು, ಬಟ್ಟೆ ಒಣಗಿಸೋಕೆ ಹೀಟರ್ ಪಕ್ಕ ಹಗ್ಗ ಕಟ್ಟಿಸಿದಳು. ನಮ್ಮಲ್ಲಿ ಮಳೆಗೆ ಹೆಸರು, ಇಲ್ಲಿ ಹಿಮ ತಳ್ಳುವ ಲಾರಿಗೆ ಹೆಸರು! ಮಿನ್ನೆಸೋಟದಲ್ಲಿ ಸಾರಿಗೆ ಇಲಾಖೆಯೇ ಜನರಿಂದ ಓಟು ಹಾಕಿಸಿ ಲಾರಿಗಳಿಗೆ ಹೆಸರಿಡುತ್ತದೆ. ಒಂದರ ಹೆಸರು 'ಬೆಟ್ಟಿ ವೈಟೌಟ್', ತೀರಿಕೊಂಡ ನಟಿ ಬೆಟ್ಟಿ ವೈಟ್ ನೆನಪಿಗೆ. ಅಮ್ಮನಿಗೆ ಇದು ಬಹಳ ಹಿಡಿಸಿತು.

ಡಿಸೆಂಬರ್‌ನಲ್ಲಿ ಮಗಳು ಹುಟ್ಟಿದಳು. ಮೊದಲ ದಿನ ಸಾಂಬ್ರಾಣಿ ಹೊಗೆ ಹಾಕಿದಾಗ ಸ್ಮೋಕ್ ಅಲಾರಂ ಹೊಡೆದುಕೊಂಡು, ಮೇಲಿನ ಮನೆಯವರು ಚಪ್ಪಲಿಯಲ್ಲೇ ಹಿಮಕ್ಕೆ ಓಡಿಬಂದರು. ಆಮೇಲಿಂದ ಹೊಗೆ ಬಂದ್.

ನನಗೂ ಹೆಂಡತಿಗೂ ನಿದ್ದೆಯಿಲ್ಲ, ಆಫೀಸ್ ಕೆಲಸ ಬೇರೆ. ಅಮ್ಮ ಮಾತ್ರ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ರಸ್ತೆ ಕಡೆಯ ಕಿಟಕಿಯಲ್ಲಿ ಕೂರುವುದು ರೂಢಿಯಾಯ್ತು. ಇಂಗ್ಲಿಷ್ ಬರದು, ಹೊರಗೆ ಹೋಗೋ ಹಾಗಿಲ್ಲ. ಆದರೆ ಮೂರು ವರ್ಷದಿಂದ ಆ ರಸ್ತೆಯಲ್ಲಿದ್ದ ನನಗಿಂತ ಹೆಚ್ಚು ಸುದ್ದಿ ಅವಳ ಹತ್ತಿರ ಇರುತ್ತಿತ್ತು. ಎಲ್ಲಾ ಹಿಮದ ಮೇಲೆ ಬರೆದಿರುತ್ತಲ್ಲ. ಯಾರು ರಾತ್ರಿ ಮನೆಗೆ ಬರಲಿಲ್ಲ, ಯಾರ ಮನೆಗೆ ನೆಂಟರು, ಯಾರು ಫುಟ್‌ಪಾತ್ ಹಿಮ ತೆಗೆದಿಲ್ಲ. ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ತೆಗೆಯಬೇಕು ಅಂತ ಇಲ್ಲಿ ನಿಯಮ. ಅದು ಗೊತ್ತಾದ ಮೇಲೆ ನನ್ನನ್ನು ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಸಲಿಕೆ ಕೈಗೆ ಕೊಡುತ್ತಿದ್ದಳು.

ಜನವರಿ ಮೊದಲ ವಾರ ಒಂದಡಿಗೂ ಹೆಚ್ಚು ಬಿತ್ತು. ರಸ್ತೆಯ ಎರಡೂ ಬದಿ ಗುಡ್ಡದಂಥ ರಾಶಿ, ಅದೂ ಕಲ್ಲಾಗಿ ಕೂತಿತ್ತು. ಮೈನಸ್ 9 ಡಿಗ್ರಿಗಿಂತ ಕೆಳಗೆ ಉಪ್ಪು ಹಾಕಿದರೂ ಸರಿಯಾಗಿ ಕರಗೋದಿಲ್ಲ. ರಸ್ತೆ ಕಿರಿದಾಗಿ ಫೈರ್ ಎಂಜಿನ್ ಹೋಗೋದೇ ಕಷ್ಟವಾಯ್ತು. ತಿಂಗಳ ಕೊನೆಗೆ ನಗರಾಡಳಿತ, ನಮ್ಮಂಥ ಒಳರಸ್ತೆಗಳಲ್ಲಿ ಸಮಸಂಖ್ಯೆ ಮನೆಗಳಿರುವ ಬದಿಯಲ್ಲಿ ಕಾರು ನಿಲ್ಲಿಸೋದನ್ನೇ ನಿಷೇಧಿಸಿತು.

ನಮ್ಮ ಮನೆ ನಂಬರ್ ಬೆಸ. ಎದುರುಗಡೆ ಕಾರುಗಳೆಲ್ಲ ಖಾಲಿಯಾಗಿ, ಅಮ್ಮನಿಗೆ ಆ ಬದಿಯ ಮನೆಗಳ ಮೆಟ್ಟಿಲು ಪೂರ್ತಿ ಕಾಣತೊಡಗಿತು. ಎದುರು ಮನೆಯಲ್ಲಿ ಒಬ್ಬ ಅಜ್ಜ, ಅಜ್ಜಿ, ಒಂದು ನಾಯಿ. ದಿನಾ ಬೆಳಿಗ್ಗೆ ಮೂವರೂ ವಾಕಿಂಗ್. ಅಮ್ಮ ಅವರಿಗೆ 'ನಾಯಿ ಅಜ್ಜ' ಅಂತ ಹೆಸರಿಟ್ಟಿದ್ದಳು.

ಫೆಬ್ರವರಿ ಶುರುವಿನಲ್ಲಿ ಒಂದು ದಿನ ನಾನು ಮೀಟಿಂಗ್‌ನಲ್ಲಿದ್ದಾಗ ಬಂದು ಪಿಸುಗುಟ್ಟಿದಳು, "ಎದುರು ಮನೆಯಿಂದ ಒಬ್ರದೇ ಹೆಜ್ಜೆ ಇದೆ ಕಣೋ. ಮೂರು ದಿನ ಆಯ್ತು."

"ಅಜ್ಜನಿಗೆ ಶೀತ ಆಗಿರ್ಬೇಕು ಬಿಡಮ್ಮ."

"ಹೋಗಿ ಕೇಳ್ಬಾರ್ದಾ?"

"ಇಲ್ಲಿ ಹಾಗೆಲ್ಲ ಹೋಗಿ ಕೇಳಬಾರದು. ಪ್ರೈವೆಸಿ ಅಂತ ಇರುತ್ತೆ."

ಅವಳು ಮತ್ತೆ ಕೇಳಲಿಲ್ಲ. ಹತ್ತು ದಿನ ಕಳೆದ ಮೇಲೆ, ಕಸದ ಡಬ್ಬ ಎಳೆಯುವಾಗ ಮೇಲಿನ ಮನೆಯವರು ಹೇಳಿದರು: ಎದುರು ಮನೆಯವರು ಆಸ್ಪತ್ರೆಯಲ್ಲಿದ್ದರಂತೆ, ಮೊನ್ನೆ ತೀರಿಕೊಂಡರಂತೆ.

ಒಳಗೆ ಬಂದು ಹೇಳಿದೆ. 'ನಾನು ಹೇಳಿರಲಿಲ್ವಾ' ಅಂತಾಳೆ ಅಂದ್ಕೊಂಡೆ. ಅನ್ನಲಿಲ್ಲ. ಮಗುವನ್ನು ಸೊಸೆಗೆ ಕೊಟ್ಟು ಅಡುಗೆಮನೆಗೆ ಹೋದಳು. ಖಾರ ಹಾಕದೆ ತೊವ್ವೆ, ಮೆತ್ತಗೆ ಅನ್ನ. ಡಬ್ಬಿಗೆ ಹಾಕಿ, "ಕೊಟ್ಟು ಬಾ" ಅಂದಳು.

"ಹೋಗಿ ಏನು ಹೇಳಲಿ ಅಮ್ಮ? ನಾನು ಅವರ ಹತ್ರ ಮಾತೇ ಆಡಿಲ್ಲ."

"ನಿನ್ನಪ್ಪ ಹೋದಾಗ ಬಂದೋರು ಏನು ಹೇಳಿದ್ರು ಅಂದ್ಕೊಂಡಿದ್ದಿ?"

2021ರ ಮೇ ತಿಂಗಳಲ್ಲಿ ಅಪ್ಪನಿಗೆ ಹೃದಯಾಘಾತವಾದಾಗ ನಾನು ಇಲ್ಲೇ ಇದ್ದೆ. ಕೋವಿಡ್ ನಿರ್ಬಂಧ, ಹೋದರೆ ವಾಪಸ್ ಬರೋಕಾಗಲ್ಲ ಅನ್ನೋ ಭಯ. ಹೋಗಲಿಲ್ಲ. ಎಲ್ಲಾ ಫೋನಿನಲ್ಲೇ ನೋಡಿದೆ. ಆ ವಿಷಯ ನಾವಿಬ್ಬರೂ ಒಮ್ಮೆಯೂ ಎತ್ತಿರಲಿಲ್ಲ.

"ಲಾಕ್‌ಡೌನ್ ಬೇರೆ. ನಾಲ್ಕು ಜನ ಬಂದ್ರು, ಅಂಗಳದಲ್ಲಿ ದೂರ ದೂರ ಕೂತ್ರು. ಯಾರೂ ಎಂತದೂ ಹೇಳ್ಲಿಲ್ಲ. ಸಂಜೆ ನೋಡ್ತೀನಿ, ಪಕ್ಕದ ಮನೆಯವ್ರು ಕೊಟ್ಟಿಗೆಗೆ ಹೋಗಿ ಹಾಲು ಕರೆದಿಟ್ಟಿದ್ರು. ಹನ್ನೊಂದು ದಿನವೂ ಅವ್ರೇ ಕರೆದ್ರು."

ಡಬ್ಬಿ ಹಿಡಿದು ರಸ್ತೆ ದಾಟಿದೆ. ಅಜ್ಜಿಯ ಮನೆ ಟೇಬಲ್ ಮೇಲೆ ಆಗಲೇ ಫಾಯಿಲ್ ಮುಚ್ಚಿದ ನಾಲ್ಕೈದು ಟ್ರೇ ಇದ್ದವು. ಸಾವಿನ ಮನೆಗೆ 'ಹಾಟ್‌ಡಿಶ್' ಅನ್ನೋ ಬೇಯಿಸಿದ ಅಡುಗೆ ಒಯ್ಯೋದು ಇಲ್ಲಿನವರ ಪದ್ಧತಿ. ಅಂದರೆ ಹೋಗಬಾರದು ಅನ್ನೋದು ಈ ಊರಿನ ನಿಯಮವಾಗಿರಲಿಲ್ಲ. ಅದು ನನ್ನದೇ ನಿಯಮ. ಅಜ್ಜಿ ಡಬ್ಬಿ ತೆಗೆದುಕೊಂಡು ಕೇಳಿದರು, "ಕಿಟಕಿಯಲ್ಲಿ ಮಗು ಎತ್ಕೊಂಡು ಕೂರೋದು ನಿಮ್ಮ ತಾಯಿಯಾ? ನಮ್ಮವರು ದಿನಾ ಅವರಿಗೆ ಕೈ ಎತ್ತುತ್ತಿದ್ದರು. ಅವರೂ ಎತ್ತುತ್ತಿದ್ದರು." ಇದನ್ನು ಅಮ್ಮ ನನಗೆ ಹೇಳೇ ಇರಲಿಲ್ಲ.

ಮರುವಾರ, ಫೆಬ್ರವರಿ 21ರಿಂದ ಮೂರು ದಿನ ಮತ್ತೆ ಒಂದಡಿಗೂ ಮೇಲೆ ಬಿತ್ತು. ಎಲ್ಲರಿಗೂ ವರ್ಕ್ ಫ್ರಂ ಹೋಮ್. ನಮ್ಮ ಬದಿ ಮುಗಿಸಿ, ಯಾರೂ ಹೇಳದೆ ಎದುರು ಬದಿಗೂ ಹೋಗಿ ಮೆಟ್ಟಿಲು, ಫುಟ್‌ಪಾತ್ ತೆಗೆದೆ. ನಡುವೆ ಲಾರಿ ಬಂದು ತೆಗೆದ ಜಾಗಕ್ಕೇ ವಾಪಸ್ ತಳ್ಳಿ ಹೋಯ್ತು. ಮತ್ತೆ ತೆಗೆದೆ. ಬೆನ್ನು ಬಿದ್ದುಹೋಯ್ತು. ಆ ಸೀಸನ್ ಪೂರ್ತಿ ಎರಡೂ ಬದಿ ನನ್ನದೇ ಪಾಳಿ.

ಚಳಿಗಾಲ ಮುಗಿಯಿತು ಅಂದ್ಕೊಂಡಾಗ, ಏಪ್ರಿಲ್ 1ಕ್ಕೆ ರಾತ್ರೋರಾತ್ರಿ ಮತ್ತೆ ಒಂದಷ್ಟು. ಒದ್ದೆ ಹಿಮ, ಸಲಿಕೆ ಎತ್ತೋಕಾಗದಷ್ಟು ಭಾರ. ಮಗಳು ರಾತ್ರಿಯಿಡೀ ಎಬ್ಬಿಸಿದ್ದರಿಂದ ಏಳುವಾಗ ಎಂಟಾಗಿತ್ತು. ಬಾಗಿಲು ತೆರೆದರೆ ನಮ್ಮ ಮೆಟ್ಟಿಲು ಖಾಲಿ. ಯಾರೋ ಆಗಲೇ ತೆಗೆದುಬಿಟ್ಟಿದ್ದಾರೆ. ರಸ್ತೆಯ ಆಚೆಯಿಂದ ಒಂದು ಜೊತೆ ಬೂಟಿನ ಹೆಜ್ಜೆ, ಪಕ್ಕದಲ್ಲೇ ನಾಯಿಯದು.

ಅಮ್ಮ ಕಿಟಕಿಯಲ್ಲಿದ್ದಳು. "ನೋಡ್ದ್ಯಾ? ಬಲಗಾಲು ಎಳೀತಾ ನಡೆದಿದ್ದಾರೆ. ಮಂಡಿ ನೋವಿರ್ಬೇಕು ಪಾಪ" ಅಂದಳು. "ಹೋಗಿ ಕೇಳ್ಕೊಂಡು ಬಾ."