ಕನಜ ಮಂಜೂರು

ಮೂರಕ್ಷರದ ಒಂದು ಪದ ಕೊಡುವುದು. ಅದರ ಅಕ್ಷರಗಳನ್ನು ಹಿಂದುಮುಂದು ಮಾಡಿ ಇನ್ನೊಂದು ಪದ ಹುಟ್ಟಿಸುವುದು. ಹುಟ್ಟಿದ್ದಕ್ಕೆ ಯಾವ ನಿಘಂಟಿನಲ್ಲಿಯೂ ಇಲ್ಲದ ಅರ್ಥ ಹಚ್ಚುವುದು. ಇಷ್ಟೇ ನಮ್ಮ ಆಟ. ಇದಕ್ಕೆ ಪಗಡೆಯ ಹಾಸು ಬೇಡ, ಇಸ್ಪೀಟಿನ ಎಲೆ ಬೇಡ, ಸೋತವರು ಕಾಫಿ ಕುಡಿಸಬೇಕೆಂಬ ಕರಾರೂ ಇಲ್ಲ. ಕುಡಿಸುವುದಾದರೂ ಹೇಗೆ? ಆಡುವವರಲ್ಲಿ ಒಬ್ಬರು ಜನಕಪುರಿ, ಒಬ್ಬರು ಮಯೂರ ವಿಹಾರ, ಒಬ್ಬರು ಫರೀದಾಬಾದು, ಇನ್ನೊಬ್ಬ ನೋಯ್ಡಾ, ನಾವು ದ್ವಾರಕಾ. ಒಬ್ಬರ ಮನೆಗೆ ಹೋಗಿ ಬರುವುದೆಂದರೆ ಒಂದು ಭಾನುವಾರ ಪೂರ್ತಿ ಕೈಬಿಟ್ಟಂತೆ. ಆದ್ದರಿಂದ ಆಟವೆಲ್ಲ ಫೋನಿನಲ್ಲೇ, ರಾತ್ರಿ ಊಟವಾದ ಮೇಲೆ, ಒಂಬತ್ತರಿಂದ ಹತ್ತರವರೆಗೆ.

ಶುರುವಾದದ್ದು 2020ರ ಮಾರ್ಚ್ 25ರಂದು. ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನ, ಅಂದೇ ಯುಗಾದಿ. ಬೇವು ಬೆಲ್ಲ ಹಿಡಿದು ಪಕ್ಕದ ಮನೆಯ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ಎಲ್ಲರೂ ಮಾವಿನ ತೋರಣದ ಚಿತ್ರ ಕಳಿಸುತ್ತಿದ್ದಾಗ ಜನಕಪುರಿಯ ಮಾಸ್ತರು ಮಾತ್ರ ಒಂದು ಸಾಲು ಕಳಿಸಿದರು: 'ನದಿ ತಿರುಗಿಸಿರಿ, ಏನು ಬರುತ್ತದೆ?' (ಅವರು ಗದಗಿನವರು. ನಾವು ಹಳೇ ಮೈಸೂರಿನವರು 'ಮೇಷ್ಟ್ರೇ' ಎಂದರೆ ತಿರುಗಿಯೂ ನೋಡುವುದಿಲ್ಲ, 'ಮಾಸ್ತರ್' ಎನ್ನಬೇಕು. ಎತ್ತ ಕಡೆಯಿಂದ ಓದಿದರೂ ಬದಲಾಗದ ಊರು ತಮ್ಮದೊಂದೇ ಎಂಬ ಜಂಬವೂ ಅವರಿಗುಂಟು.)

ನಮ್ಮ ಮಗಳಿಗೆ ಆಗ ಹನ್ನೊಂದು ವರ್ಷ. ಹುಟ್ಟಿದ್ದು ಇಲ್ಲಿ, ಓದುತ್ತಿರುವುದು ಇಲ್ಲಿ. ಕನ್ನಡ ಮಾತಾಡುತ್ತಾಳೆ, ಬರೆಯುವುದೆಂದರೆ ಇಂಗ್ಲಿಷ್ ಅಕ್ಷರದಲ್ಲಿ. ಅವಳು ಥಟ್ಟನೆ 'ದೀನ' ಎಂದು ಕಳಿಸಿಬಿಟ್ಟಳು. 'ದೀರ್ಘ ಎಲ್ಲಿಂದ ಬಂತು ತಂಗಿ?' ಎಂದು ಮಾಸ್ತರರ ಪ್ರಶ್ನೆ. ಶಾಲೆಯ ಹಿಂದಿ ಪುಸ್ತಕದಲ್ಲಿ ನದೀ ದೀರ್ಘ, ಆದ್ದರಿಂದ ತಿರುಗಿಸಿದರೆ ದೀನ ಎಂದು ಇವಳ ವಾದ. ತಪ್ಪೇನಿಲ್ಲ ನೋಡಿ. ಸಂಸ್ಕೃತದ ನದೀ ಕನ್ನಡದ ಹೊಸ್ತಿಲು ದಾಟುವಾಗ ಬಾಲ ಮೊಟಕು ಮಾಡಿಕೊಂಡು ನದಿಯಾಯಿತು, ಲತಾ ಲತೆಯಾದಳು, ಸೀತಾ ಸೀತೆಯಾದಳು. ಹಿಂದಿಯವರು ದೀರ್ಘವನ್ನು ಹಾಗೇ ಇಟ್ಟುಕೊಂಡರು. ಮಾಸ್ತರು ಇದನ್ನೆಲ್ಲ ಫೋನಿನಲ್ಲಿ ಬೆರಳು ನೋಯುವಷ್ಟು ಬರೆದು ಕೊನೆಗೆ 'ಆದ್ದರಿಂದ ದಿನ' ಎಂದು ತೀರ್ಪು ಕೊಟ್ಟರು. ಅಂದೇ ಎರಡು ಕಾನೂನು ಜಾರಿಗೆ ಬಂದವು. ಒಂದು, ಕನ್ನಡ ಲಿಪಿಯಲ್ಲಿ ಬರೆದದ್ದೇ ಲೆಕ್ಕಕ್ಕೆ. ಎರಡು, ಅಕ್ಷರವನ್ನು ಒಡೆಯಕೂಡದು.

ಎರಡನೆಯ ಕಾನೂನೇ ನಮ್ಮ ಆಟದ ಜೀವ. ಇಂಗ್ಲಿಷಿನವರು ಇದನ್ನು ಇಪ್ಪತ್ತಾರು ಬಿಡಿ ಅಕ್ಷರಗಳಲ್ಲಿ ಆಡುತ್ತಾರೆ. ಸ್ಕ್ರ್ಯಾಬಲ್ ಪೆಟ್ಟಿಗೆಯಲ್ಲಿ ನೂರು ಬಿಲ್ಲೆ ಇದ್ದರೆ ಸಾಕು. ಕನ್ನಡದಲ್ಲಿ ಬಿಲ್ಲೆ ಮಾಡಲು ಹೊರಟರೆ 34 ವ್ಯಂಜನಕ್ಕೆ 15ರ ಕಾಗುಣಿತದಂತೆ, ಒಂದೊಂದೇ ಮಾಡಿದರೂ 510 ಬಿಲ್ಲೆ. ಸ್ವರ ಬೇರೆ, ಒತ್ತಕ್ಷರ ಬೇರೆ. ಗೋಣಿಚೀಲವೇ ಬೇಕು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಅವರು ಬಿಲ್ಲೆಯ ಗೊಡವೆಗೆ ಹೋಗದೆ ತಲೆಯಲ್ಲೇ ಆಡಿದರು. ಅಷ್ಟಾವಧಾನ ನೋಡಿದವರಿಗೆ ವ್ಯಸ್ತಾಕ್ಷರಿ ಗೊತ್ತಿರುತ್ತದೆ. ಪೃಚ್ಛಕನೊಬ್ಬ ಒಂದು ವಾಕ್ಯದ ಅಕ್ಷರಗಳನ್ನು ಕ್ರಮ ತಪ್ಪಿಸಿ, ಇದು ಏಳನೆಯದು, ಇದು ಮೂರನೆಯದು ಎಂದು ನಡುನಡುವೆ ಎಸೆಯುತ್ತಿರುತ್ತಾನೆ. ಅವಧಾನಿಯಾದವರು ಮಿಕ್ಕವರ ಪದ್ಯಗಳಿಗೂ ಉತ್ತರ ಹೇಳುತ್ತ ಇವನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಕೊನೆಯಲ್ಲಿ ಪೂರ್ತಿ ವಾಕ್ಯ ಒಪ್ಪಿಸಬೇಕು. ಪಕ್ಕದಲ್ಲೇ ಅಪ್ರಸ್ತುತ ಪ್ರಸಂಗಿ ಕುಳಿತು ತಲೆಹರಟೆ ಪ್ರಶ್ನೆ ಕೇಳುತ್ತಿರುತ್ತಾನೆ. ನಮ್ಮ ಗುಂಪಿನಲ್ಲಿ ಆ ಪದವಿ ನೋಯ್ಡಾದ ಹುಡುಗನದು. ಅವಧಾನಿಯ ಪದವಿ ಖಾಲಿ ಇದೆ.

ವಿಜ್ಞಾನ ಓದಿದ ನಮಗೆ ಇದು ಬೇರೆಯೇ ರೀತಿ ಕಾಣುತ್ತದೆ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ: ಒಂದು ರೀತಿ ಜೋಡಿಸಿದರೆ ಮದ್ಯಸಾರ, ಇನ್ನೊಂದು ರೀತಿ ಜೋಡಿಸಿದರೆ ಡೈಮೀಥೈಲ್ ಈಥರ್ ಎಂಬ ಅನಿಲ. ಪರಮಾಣುಗಳು ಅವೇ, ಒಂದು ಅಮಲೇರಿಸುತ್ತದೆ, ಇನ್ನೊಂದು ಗಾಳಿಗೆ ಹಾರಿಹೋಗುತ್ತದೆ. ಹಾಗೆಯೇ ಮದನ ಮತ್ತು ದಮನ. ಈಶ್ವರನು ಮೂರನೆಯ ಕಣ್ಣು ತೆರೆದು ಮಾಡಿದ್ದು ಒಂದಕ್ಷರದ ಸ್ಥಾನಪಲ್ಲಟ ಮಾತ್ರ ಎಂದು ಮಯೂರ ವಿಹಾರದ ಅಕ್ಕ ಬರೆದಾಗ ಮಾಸ್ತರು ಆ ರಾತ್ರಿ ಬೇರೆ ಪದವನ್ನೇ ಕೊಡಲಿಲ್ಲ. ವದನ ದವನವಾಯಿತು, ಗಮನ ಮಗನಾಯಿತು. 'ಮಗನ ಗಮನ ಎಲ್ಲಿದೆ ಎಂದು ಕೇಳಬೇಡಿ, ಫೋನಿನಲ್ಲಿದೆ' ಎಂದು ಅವರದೇ ಟಿಪ್ಪಣಿ.

ಇದನ್ನೆಲ್ಲ ಬರೆದಿಡುವ ಕೆಲಸ ಯಾರ ಪಾಲಿಗೆ ಬಂದಿರಬಹುದೆಂದು ಬೇರೆ ಹೇಳಬೇಕೆ? ಸರ್ಕಾರಿ ಗುಮಾಸ್ತರು ಇರುವ ಕಡೆ ದಫ್ತರವೂ ಇರುತ್ತದೆ. ಉದ್ದ ನೋಟ್ ಪುಸ್ತಕಕ್ಕೆ ಗೆರೆ ಹೊಡೆದು ಕ್ರಮಸಂಖ್ಯೆ, ಪದ, ಪಲ್ಲಟ, ಅರ್ಥ, ಷರಾ ಎಂದು ಐದು ಕಾಲಮ್ಮು ಮಾಡಿದೆವು. ಷರಾದಲ್ಲಿ ಮಂಜೂರು, ನಾಮಂಜೂರು, ಇಲ್ಲವೆ ಪರಿಶೀಲನೆಯಲ್ಲಿ. ಕೊನೆಯದರ ಸಂಖ್ಯೆಯೇ ಹೆಚ್ಚು ಎಂಬುದು ಬೇರೆ ಮಾತು.

ಹುಚ್ಚು ಅರ್ಥ ಹಚ್ಚುವ ವಿದ್ಯೆಗೆ ಕನ್ನಡದಲ್ಲಿ ಗುರುಗಳಿದ್ದಾರೆ. ನಾ. ಕಸ್ತೂರಿಯವರ 'ಅನರ್ಥಕೋಶ'ವನ್ನು ನಮ್ಮ ಪೀಳಿಗೆಯವರು ಅಪ್ಪಂದಿರ ಕಪಾಟಿನಲ್ಲಾದರೂ ಕಂಡಿದ್ದೇವೆ. ಕೇರಳದಲ್ಲಿ ಹುಟ್ಟಿ, ಮಲಯಾಳ ಮಾತೃಭಾಷೆಯಾಗಿ, ಮೈಸೂರಿಗೆ ಬಂದು ಕಲಿತ ಕನ್ನಡದಲ್ಲಿ ಕನ್ನಡಿಗರನ್ನೇ ನಗಿಸಿದವರು ಅವರು. ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ 'ರಾಶಿ'ಯವರು, 1942ರಲ್ಲಿ 'ಕೊರವಂಜಿ' ಹೊರಡಿಸಿದಾಗ ಅದಕ್ಕೂ ಬರೆದರು. ಕಸ್ತೂರಿಯವರ ಮಾತು ನಾವು ಮಗಳಿಗೆ ಆಗಾಗ ಹೇಳುವುದುಂಟು. ಹೊರಗಿನಿಂದ ಬಂದವರ ಕಿವಿಗೆ ಪದದ ಒಳಗಿನ ಗೆಜ್ಜೆ ಹೆಚ್ಚು ಕೇಳುತ್ತದೆ. ನಮಗೋ ರೂಢಿಯಾಗಿ ಕಿವಿ ಮಂದ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಹಿಂದಿ ಎಂಬಂತೆ ಬೆಳೆಯುವ ಮಕ್ಕಳೂ ಅರ್ಧ ಹೊರಗಿನವರೇ ಅಲ್ಲವೆ?

ನಮ್ಮ ದಫ್ತರದಿಂದ ಕೆಲವು: 'ನಗರ: ಇಲ್ಲಿಯ ಜನ ನಗರು.' 'ವರ್ಗ: ಸ್ವರ್ಗದ ತಲೆ ಹಾರಿದಾಗ ಉಳಿಯುವುದು.' 'ತುಟ್ಟಿಭತ್ಯೆ: ಸಂತೆ ಮುಗಿದ ಮೇಲೆ ಕೈಗೆ ಸಿಗುವ ಚೀಲ.' 'ಮಂಜು: ದೀಪಾವಳಿ ಕಳೆದ ಮೇಲೆ ದೆಹಲಿಯವರು ಹೊಗೆಯನ್ನು ಕರೆಯುವ ಮುದ್ದಿನ ಹೆಸರು.' 'ಕಡತ: ತಿರುಗಿಸಿದರೆ ತಡಕ, ಆಟ ಸೇರಿಸಿದರೆ ನಮ್ಮ ಕಚೇರಿ.' ಸಂಬಳವನ್ನು ತಿರುಗಿಸಿದಾಗ ಬಳಸಂ ಎಂದು ಬಂದು ಎಲ್ಲರೂ ನಾಮಂಜೂರು ಎಂದು ಕೂಗುವಷ್ಟರಲ್ಲಿ ಮಾಸ್ತರು ತಡೆದರು. ಹಳಗನ್ನಡದಲ್ಲಿ 'ಮಾಡಂ' ಎಂದರೆ ಮಾಡನು. 'ಬಳಸಂ' ಎಂದರೆ ಬಳಸನು. ತಿಂಗಳ ಮೊದಲ ವಾರದಲ್ಲೇ ಕಂತು, ಬಾಡಿಗೆ, ಶಾಲೆಯ ಫೀಜು ಎಂದು ಕರಗುವ ಸಂಬಳವನ್ನು ದುಡಿದವನು ಬಳಸುವುದಾದರೂ ಎಲ್ಲಿ? ಮಂಜೂರು.

ಇವೆಲ್ಲಕ್ಕಿಂತ ನಮಗೆ ಹಿಡಿಸಿದ್ದು ಫರೀದಾಬಾದಿನ ಅಕ್ಕ ಕಳಿಸಿದ್ದು. 'ಊರು: ರಜೆ ಸಿಕ್ಕಾಗ ಟಿಕೆಟ್ ಸಿಗದ, ಟಿಕೆಟ್ ಸಿಕ್ಕಾಗ ರಜೆ ಸಿಗದ ಸ್ಥಳ.' ಕೆಳಗೆ 'ಇದು ಇವರು ಹೇಳಿದ್ದು' ಎಂದಿತ್ತು. ಆ ಭಾವನವರು ತಾವಾಗಿ ಒಂದಕ್ಷರ ಬರೆದವರಲ್ಲ. ಪಕ್ಕದಲ್ಲಿ ಕುಳಿತು ಅಕ್ಕನಿಗೆ ಹೇಳಿಕೊಡುತ್ತಿದ್ದರು. ಒಳ್ಳೆಯ ಅರ್ಥ ಬಂತೆಂದರೆ ಅದರ ಕೆಳಗೆ ಆ ಸಾಲು ಇದ್ದೇ ಇರುತ್ತಿತ್ತು.

ಮಾಸ್ತರರ ಬಡಾವಣೆಯ ಹೆಸರೂ ಆಟಕ್ಕೆ ಬಂತು. 'ಜನಕಪುರಿ: ಅಪ್ಪ ತಂದ ಕಡಲೆಪುರಿ' ಎಂದು ನೋಯ್ಡಾದವನು. ಪುರಿ ಯಾವುದು, ಚುರಮುರಿ ಅನ್ನಿರಿ ಎಂದು ಗದಗು ಆಕ್ಷೇಪಿಸಿತು. ಆಗ ನಮ್ಮ ಮಗಳು, ಆ ವೇಳೆಗೆ ಕನ್ನಡ ಕೀಲಿಮಣೆಯಲ್ಲಿ ಬೆರಳಾಡಿಸುವುದನ್ನು ಕಲಿತಿದ್ದವಳು, ತನ್ನ ಕೈಯಾರೆ ಬರೆದಳು: 'ಜನಕ ತಿರುಗಿಸಿದರೆ ಕನಜ. ಅಜ್ಜಿ ಮನೆಯಲ್ಲಿ ರಾಗಿ ತುಂಬುತ್ತಿದ್ದರಲ್ಲ, ಅದು.' ನಮಗೆ ಹಿಗ್ಗು. ಮಾಸ್ತರಿಗೆ ಅಲ್ಲ. 'ಕನಜ ಅಲ್ಲ ತಂಗಿ, ಕಣಜ. ನಾಲಿಗಿ ಮ್ಯಾಲೆ ಮಡಚಬೇಕು. ನಾಮಂಜೂರು.' ಅವಳು ಅತ್ತಳು. ನಾವು ಪರವಾಗಿ ಮನವಿ ಸಲ್ಲಿಸಿದೆವು, ಮಯೂರ ವಿಹಾರದ ಅಕ್ಕ ಶಿಫಾರಸು ಮಾಡಿದರು. ನಕಾರಕ್ಕೂ ಣಕಾರಕ್ಕೂ ಭೇದವಿಲ್ಲದಿದ್ದರೆ ಮನೆ ಯಾವುದು, ಮಣೆ ಯಾವುದು ಎಂದು ಅವರು ಕೇಳಿದ ಮೇಲೆ ಎಲ್ಲರ ಬಾಯಿ ಮುಚ್ಚಿತು. ಕ್ರಮಸಂಖ್ಯೆ 214, ಷರಾ: ನಾಮಂಜೂರು.

2021ರ ಏಪ್ರಿಲ್ ಬಂತು. ದೆಹಲಿಯಲ್ಲಿದ್ದವರಿಗೆ ಆ ತಿಂಗಳನ್ನು ವರ್ಣಿಸಿ ಹೇಳಬೇಕಾಗಿಲ್ಲ. ರಾತ್ರಿ ಒಂಬತ್ತಕ್ಕೆ ಪದ ಬರುತ್ತಿದ್ದ ಗುಂಪಿನಲ್ಲಿ ಹೊತ್ತುಗೊತ್ತಿಲ್ಲದೆ ಒಂದೇ ಪದ ಬರತೊಡಗಿತು. ಆಮ್ಲಜನಕ ಎಲ್ಲಿ ಸಿಗುತ್ತದೆ, ಸಿಲಿಂಡರ್ ಇದೆ ಕವಾಟವಿಲ್ಲ, ಕವಾಟವಿದೆ ಸಿಲಿಂಡರಿಲ್ಲ. ಮಾಸ್ತರಿಗೆ ಉಸಿರು ಕಟ್ಟಿತ್ತು; ಮಗ ಪುಣೆಯಲ್ಲಿ. ಹಾಸಿಗೆ ಸಿಗಲು ಎರಡು ದಿನ ಬೇಕಾಯಿತು. ಆ ಎರಡು ದಿನ ನೋಯ್ಡಾದ ಹುಡುಗನೂ ನಾವೂ ಸಿಲಿಂಡರ್ ತುಂಬಿಸಲು ಸಾಲಿನಲ್ಲಿ ನಿಂತೆವು. ಗಾಜಿಯಾಬಾದಿನ ಇಂದಿರಾಪುರದ ಗುರುದ್ವಾರದವರು ಅನ್ನದ ಬದಲು ಉಸಿರಿನ ಲಂಗರ್ ನಡೆಸುತ್ತಿದ್ದರು. ರಸ್ತೆಯಲ್ಲಿ ನಿಂತ ಕಾರುಗಳಲ್ಲೇ ಜನ ಕೊಳವೆ ಹಚ್ಚಿಕೊಂಡು ಒರಗಿದ್ದರು.

ಸಾಲಿನಲ್ಲಿ ನಿಂತವರ ತಲೆ ಎಲ್ಲೆಲ್ಲೋ ಓಡುತ್ತದೆ. ನಮ್ಮದು ಬಿ.ಎಸ್ಸಿ. ಪುಸ್ತಕಕ್ಕೆ ಓಡಿತು. ಎಲ್ಲ ಆಮ್ಲಗಳಿಗೂ ಈ ಅನಿಲವೇ ಕಾರಣವೆಂದು ನಂಬಿದ ಫ್ರಾನ್ಸಿನ ಲವಾಸಿಯೆ ಗ್ರೀಕ್ ಮಾತುಗಳನ್ನು ಕೂಡಿಸಿ ಆಮ್ಲ ಹುಟ್ಟಿಸುವುದು ಎಂಬ ಅರ್ಥ ಬರುವಂತೆ ಹೆಸರಿಟ್ಟ. 1810ರ ಹೊತ್ತಿಗೆ ಇಂಗ್ಲೆಂಡಿನ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ತೋರಿಸಿದ. ಅರ್ಥ ಬಿದ್ದುಹೋಯಿತು, ಹೆಸರು ನಿಂತಿತು. ನಮ್ಮವರು ಅದನ್ನು ಹಾಗೆಯೇ ಆಮ್ಲಜನಕ ಎಂದು ಕನ್ನಡಿಸಿದರು. ಅನರ್ಥಕೋಶಕ್ಕೆ ಸೇರಬೇಕಾದ ಪದವನ್ನು ಊರೆಲ್ಲ ಕೈಮುಗಿದು ಬೇಡುತ್ತಿತ್ತು.

ಒಂಬತ್ತನೆಯ ದಿನ ರಾತ್ರಿ, ಯಾರೂ ಏನೂ ಬರೆಯದಿದ್ದ ಗುಂಪಿನಲ್ಲಿ, ಆಸ್ಪತ್ರೆಯ ಹಾಸಿಗೆಯಿಂದ ಮಾಸ್ತರರ ಎರಡು ಪದ ಬಂದವು: 'ಕನಜ ಮಂಜೂರು.'

ಮಗಳನ್ನು ಎಬ್ಬಿಸಿ ತೋರಿಸಿದೆವು. ಅವಳಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. 'ಅಜ್ಜ ಒಪ್ಪಿಬಿಟ್ಟರಲ್ಲ, ತುಂಬಾ ಸೀರಿಯಸ್ಸಾ?' ಎಂದು ಕೇಳಿದಳು.

ಮಾಸ್ತರು ಉಳಿದರು. ಫರೀದಾಬಾದಿನ ಭಾವನವರು ಮೇ ತಿಂಗಳಲ್ಲಿ ಹೋದರು. ಅವರನ್ನು ಊರಿಗೆ ಒಯ್ಯಲಾಗಲಿಲ್ಲ. ನಾವು ಯಾರೂ ಹೋಗಿ ಅಕ್ಕನ ಎದುರು ಕುಳಿತುಕೊಳ್ಳಲೂ ಆಗಲಿಲ್ಲ. ದಫ್ತರದಲ್ಲಿ ರಮಣ ಎಂಬ ಪದಕ್ಕೆ ನೋಯ್ಡಾದ ಹುಡುಗ ಹಿಂದೆಂದೋ ಬರೆದಿದ್ದ ಪಲ್ಲಟವೊಂದಿದೆ, ಓದುಗರೇ ಮಾಡಿಕೊಳ್ಳಬಹುದು. ಆ ಪುಟವನ್ನು ನಾವು ಹೊಲಿದು ಮುಚ್ಚಿದೆವು. ಆಟ ಹೇಗೆ ಮತ್ತೆ ಶುರುಮಾಡುವುದು? ಯಾರಿಗೂ ಧೈರ್ಯವಾಗಲಿಲ್ಲ. ಬೇಸಿಗೆ, ಮಳೆ ಎರಡೂ ಕಳೆದವು.

ಆ ವರ್ಷದ ವಿಜಯದಶಮಿಯ ರಾತ್ರಿ ಒಂಬತ್ತಕ್ಕೆ ಅಕ್ಕನೇ ಬರೆದರು. 'ಮೌನ: ಎರಡು ನೀಲಿ ಗೆರೆ ಬಿದ್ದ ಮೇಲೂ ಉತ್ತರ ಬಾರದಿರುವುದು. ಇದು ನಾನೇ ಹೇಳಿದ್ದು.' ಒಂದೆರಡು ನಿಮಿಷ ಎಲ್ಲರ ಫೋನಿನಲ್ಲಿಯೂ ಅದೇ ಎರಡು ನೀಲಿ ಗೆರೆ. ಆಮೇಲೆ ಮಾಸ್ತರು ಬರೆದರು: 'ಮಂಜೂರು. ಆದರೆ ಕನಜದ ಆದೇಶ ರದ್ದು ಮಾಡಿದ್ದೇನೆ. ಜ್ವರದಾಗ ಹೇಳಿದ್ದಕ್ಕ ಕಿಮ್ಮತ್ತಿಲ್ಲ. ಣ ಅಂದ್ರ ಣ.' ಮಗಳು ಕುಣಿದಾಡಿದಳು.

ರದ್ದು ಮಾಡಲು ನಮ್ಮ ದಫ್ತರದಲ್ಲಿ ಅವಕಾಶವಿಲ್ಲ. ಒಮ್ಮೆ ಮಂಜೂರಾದದ್ದನ್ನು ಹಿಂದಕ್ಕೆ ಪಡೆಯಲು ಲಿಖಿತ ಕಾರಣ, ಮೇಲಧಿಕಾರಿಯ ರುಜು ಎಲ್ಲ ಬೇಕು. ಆದ್ದರಿಂದ ಕ್ರಮಸಂಖ್ಯೆ 214 ಇಂದಿಗೂ 'ಪರಿಶೀಲನೆಯಲ್ಲಿ' ಇದೆ. ಅಜ್ಜ, ಮೊಮ್ಮಗಳ ವ್ಯಾಜ್ಯ ನಡೆದೇ ಇದೆ. ಅವಳು ಈಗ ಅವರಿಗೆ ಒತ್ತಕ್ಷರದ ಪದಗಳನ್ನೇ ಹುಡುಕಿ ಹುಡುಕಿ ಕೊಡುತ್ತಾಳೆ, ಕಾಟ ಕೊಡುವುದಕ್ಕೆ.

ಬಗೆಹರಿಯದ ಇನ್ನೊಂದು ಪದವಿದೆ. ಕೋಲಾರವನ್ನು ಕಲಸಿದರೆ 'ಕೋರಲಾ' ಎಂದಾದರೂ ಬಂತು. ದೆಹಲಿಯನ್ನು ಐದು ರೀತಿಯಲ್ಲಿ ಜೋಡಿಸಿ ನೋಡಿದ್ದೇವೆ: ದೆಲಿಹ, ಹದೆಲಿ, ಹಲಿದೆ, ಲಿದೆಹ, ಲಿಹದೆ. ಒಂದಕ್ಕೂ ಅರ್ಥವಿಲ್ಲ. ದಿಲ್ಲಿ ಎಂದು ಬರೆದು ಹಿಂದೊಂದು ಇಕಾರ ಹಚ್ಚಿದರೆ 'ಇದಿಲ್ಲಿ', ಅಕಾರ ಹಚ್ಚಿದರೆ 'ಅದಿಲ್ಲಿ' ಆಗುತ್ತದೆಂದು ಮಗಳ ವಾದ. ಹೊರಗಿನಿಂದ ಅಕ್ಷರ ತರಕೂಡದು ಎಂದು ಮಾಸ್ತರು. ಸಂಘದ ಸದಸ್ಯರಲ್ಲಿ ಯಾರಿಗಾದರೂ ದೆಹಲಿಯೊಳಗಿನಿಂದಲೇ ಏನಾದರೂ ಹೊಳೆದರೆ, ರಾತ್ರಿ ಒಂಬತ್ತರ ಮೇಲೆ ತಿಳಿಸಬೇಕಾಗಿ ಕೋರಿಕೆ.