ಮೂವತ್ತೊಂದು ನಿಮಿಷದ ಲೈವ್

ಮೊಬೈಲಿನಿಂದ ಯೂಟ್ಯೂಬ್ ಲೈವ್ ಮಾಡಬೇಕೆಂದರೆ ಚಾನೆಲ್ಲಿಗೆ ಕನಿಷ್ಠ 50 ಜನ ಸಬ್‌ಸ್ಕ್ರೈಬರ್ ಇರಬೇಕು. ಇದು ನನಗೆ ಗೊತ್ತಾಗಿದ್ದು ಪಂದ್ಯಕ್ಕೆ ಎರಡು ದಿನ ಇರುವಾಗ. ಹಾಸ್ಟೆಲ್ ಮೆಸ್ಸಿನಲ್ಲಿ ರೊಟ್ಟಿಗಾಗಿ ಪಾಳಿ ಹಚ್ಚಿದವರ ಕೈಯಿಂದ ಒಂದೊಂದೇ ಫೋನು ಇಸಿದುಕೊಂಡು ನಾನೇ ಸಬ್‌ಸ್ಕ್ರೈಬ್ ಒತ್ತುತ್ತಾ ಹೋದೆ. ಊಟ ಮುಗಿಯುವಷ್ಟರಲ್ಲಿ 53 ಆಯಿತು.

ಇಷ್ಟೆಲ್ಲ ಒದ್ದಾಟ ನಮ್ಮ ಹಾಸ್ಟೆಲ್ಲಿನ ಒಬ್ಬ ಹುಡುಗನಿಗಾಗಿ. ಎಂ.ಎ. ಮೊದಲ ವರ್ಷ, ಊರು ಹಳಿಯಾಳದ ಕಡೆ. ಅಂತರ್ ಕಾಲೇಜು ಫುಟ್ಬಾಲ್ ಪಂದ್ಯಾವಳಿಯಲ್ಲಿ ಪಿ.ಜಿ. ತಂಡದ ಎಡ ಅಂಚಿನಲ್ಲಿ ಆಡುತ್ತಿದ್ದ. ಅಪ್ಪ ಗೋವಾದ ಫೋಂಡಾದಲ್ಲಿ ಟೆಂಪೊ ಓಡಿಸುತ್ತಾರೆ. ಮಗ ಐದನೇ ಇಯತ್ತೆಯಿಂದ ಚೆಂಡು ಒದೆಯುತ್ತಿದ್ದರೂ ಅವರು ಒಂದು ಮ್ಯಾಚನ್ನೂ ನೋಡಿರಲಿಲ್ಲ. "ಅಣ್ಣಾ, ನೀವು ಟಿವಿ ಮ್ಯಾಲೇ ಪಿಎಚ್.ಡಿ. ಮಾಡಾಕತ್ತೀರಲ್ಲ, ನಮ್ಮಪ್ಪಗ ಸೆಮಿಫೈನಲ್ ತೋರ್ಸಾಕ ಆಗ್ತೈತೇನ್ರಿ?" ಎಂದು ಕೇಳಿದ್ದ.

ನನ್ನ ಸಂಶೋಧನೆ ಟಿವಿ ಮೇಲಲ್ಲ, ಕ್ರೀಡೆಯ ಪ್ರಸಾರ ಹಕ್ಕುಗಳ ಮೇಲೆ. ಆದರೆ ಆ ವ್ಯತ್ಯಾಸ ವಿವರಿಸುತ್ತ ಕೂರುವ ಹೊತ್ತು ಅದಾಗಿರಲಿಲ್ಲ.

ಧಾರವಾಡದ ಒಂದು ಕಾಲೇಜಿನ ಮೈದಾನ. ಹಿಂದಿನ ರಾತ್ರಿಯ ಮಳೆಗೆ ಗೋಲ್ ಪೋಸ್ಟಿನ ಮುಂದೆ ಕೆಸರು. ಮೋಟರ್ ಸೈಕಲ್ ಸೀಟಿನ ಮೇಲೆ ಪುಸ್ತಕಗಳನ್ನು ಪೇರಿಸಿ ಫೋನು ನಿಲ್ಲಿಸಿದೆ. ನೋಡುತ್ತಿದ್ದವರು ಒಮ್ಮೆ ಐದು, ಒಮ್ಮೆ ಒಂಬತ್ತು. ಆಟ ಶುರುವಾಗಿ ಅರ್ಧ ಗಂಟೆಯಾಗಿರಬಹುದು, ಕೊರಳಲ್ಲಿ ಸೀಟಿ ಹಾಕಿಕೊಂಡಿದ್ದ ವ್ಯವಸ್ಥಾಪಕರೊಬ್ಬರು ಬಂದರು. "ಯಾರ ಪರ್ಮಿಷನ್ ತಗೊಂಡೀರಿ? ಬಂದ್ ಮಾಡ್ರಿ ಮೊದಲ."

ಬಂದ್ ಮಾಡಿದೆ. ನಾಲ್ಕು ವರ್ಷದಿಂದ ಇದನ್ನೇ ಓದುತ್ತಿದ್ದವನು ಒಂದು ಮಾತೂ ಆಡಲಿಲ್ಲ. ಪ್ರಬಂಧದ ಎರಡನೇ ಅಧ್ಯಾಯದಲ್ಲಿ ನಾನು ಧೈರ್ಯವಾಗಿ ಏನೇನೋ ಬರೆದಿದ್ದೇನೆ. ಮೈದಾನದಲ್ಲಿ ಮಾತ್ರ ಇದು ನಮ್ಮ ಗೈಡ್ ಕಿವಿಗೆ ಬಿದ್ದರೆ ಹೇಗೆ ಎಂಬುದಷ್ಟೇ ತಲೆಗೆ ಬಂತು.

ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಆ ಪಂದ್ಯವನ್ನು ತೋರಿಸುವ ಹಕ್ಕು ಯಾರದು? ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಆಟಕ್ಕೇ ಅಂತ ಕಾಪಿರೈಟ್ ಇಲ್ಲ. ಪ್ರಸಾರ ಮಾಡಿದ ಸಂಸ್ಥೆಗೆ ಆ ಪ್ರಸಾರದ ಮೇಲೆ 25 ವರ್ಷದ ಹಕ್ಕಿದೆ, ಅಷ್ಟೆ. ಅದಕ್ಕೂ ಮೊದಲು ಇರುವುದು ಮೈದಾನದ ಗೇಟಿನ ಕೀಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ. ಒಳಗೆ ಕ್ಯಾಮೆರಾ ಬಿಡುವವರು, ಬಿಡಲು ಕರಾರು ಹಾಕುವವರು ಅವರೇ. ಸಾವಿರಾರು ಕೋಟಿಯ ಹಕ್ಕಿನ ಬುಡದಲ್ಲಿರುವುದೂ ಈ ಕೀಲಿಯೇ.

ಆ ಕೀಲಿಗೆ ಬೆಲೆಯೇ ಇಲ್ಲದ ಕಾಲವೂ ಇತ್ತು. 1993ರ ಹೊತ್ತಿಗೆ ಕ್ರಿಕೆಟ್ ತೋರಿಸುವುದಕ್ಕೆ ದೂರದರ್ಶನವೇ ಆಯೋಜಕರಿಂದ ದುಡ್ಡು ಕೇಳುತ್ತಿತ್ತು, ಪಂದ್ಯಕ್ಕೆ 5 ಲಕ್ಷ. ಹೀರೋ ಕಪ್‌ಗೆ ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದನ್ನು ಹುಡುಕಿಕೊಂಡಾಗ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ವಾಯುತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು 1995ರ ಫೆಬ್ರವರಿಯಲ್ಲಿ ಕೋರ್ಟು ಹೇಳಿತು. ಆಮೇಲೆ ದುಡ್ಡು ಹರಿಯುವ ದಿಕ್ಕೇ ತಿರುಗಿತು. 2023ರಿಂದ 2027ರವರೆಗಿನ ಐಪಿಎಲ್ ಹಕ್ಕು 48,390 ಕೋಟಿಗೆ ಹೋಯಿತು, ಅಂದರೆ ಪಂದ್ಯಕ್ಕೆ ಸುಮಾರು 118 ಕೋಟಿ. ಅದೇ ದೇಶದಲ್ಲಿ ಫುಟ್ಬಾಲ್ ಫೆಡರೇಷನ್ನು 2010ರಲ್ಲಿ 15 ವರ್ಷದ ವಾಣಿಜ್ಯ ಹಕ್ಕುಗಳನ್ನೆಲ್ಲ ಸೇರಿಸಿ ಮಾರಿದ್ದು 700 ಕೋಟಿಗೆ. ಭಾರತದ ಫುಟ್ಬಾಲಿನ ಎರಡು ವರ್ಷ ಒಂದು ಐಪಿಎಲ್ ಪಂದ್ಯಕ್ಕೆ ಸಮ ಬರುವುದಿಲ್ಲ.

ಕಾಲೇಜು ಫುಟ್ಬಾಲ್ ಇದರ ಲೆಕ್ಕದಲ್ಲೇ ಇಲ್ಲ. ಅದು ಈಗಲೂ 1993ರಲ್ಲಿದೆ. ತೋರಿಸಬೇಕೆಂದರೆ ಆಡಿಸುವವರೇ ಕೈಯಿಂದ ಖರ್ಚು ಮಾಡಬೇಕು. ನಮ್ಮ ಕಡೆ ಟೆನಿಸ್ ಬಾಲ್ ಕ್ರಿಕೆಟ್ ನಡೆಸುವವರು ಮದುವೆ ವಿಡಿಯೊದವರನ್ನೇ ಕರೆಸಿ, ಸ್ಕೋರ್ ಹಾಕಿಸಿ, ಮೂಲೆಯಲ್ಲಿ ಬಂಗಾರದಂಗಡಿಯ ಜಾಹೀರಾತು ಕೂರಿಸಿ ಚೊಕ್ಕ ಲೈವ್ ಮಾಡುತ್ತಾರೆ. ಪದವಿ, ಪೀಠ ಯಾವುದೂ ಇಲ್ಲದವರು ಮಾಡುವ ಕೆಲಸವನ್ನು ನಾವು ಪುಸ್ತಕ ಪೇರಿಸಿ ಮಾಡುತ್ತಿದ್ದೆವು.

ಅಮೆರಿಕದಲ್ಲಿ ಕಾಲೇಜು ಫುಟ್ಬಾಲೇ (ಅವರದು ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವ ಆಟ) ದೊಡ್ಡ ವ್ಯಾಪಾರ. ಅಲ್ಲಿನ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಆಗ ಎಲ್ಲ ಕಾಲೇಜುಗಳ ಪರವಾಗಿ ಎನ್‌ಸಿಎಎ ಎಂಬ ಸಂಘವೇ ಟಿವಿ ಹಕ್ಕು ಮಾರುತ್ತಿತ್ತು. 1981ರ ಒಂದು ವಾರಾಂತ್ಯ ಒಕ್ಲಹೋಮಾ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ಎಂಬ ಎರಡು ದೈತ್ಯ ತಂಡಗಳ ಪಂದ್ಯವನ್ನು 200ಕ್ಕೂ ಹೆಚ್ಚು ಕೇಂದ್ರಗಳು ತೋರಿಸಿದವು. ಸಿಟಡೆಲ್ ಮತ್ತು ಅಪಲಾಚಿಯನ್ ಸ್ಟೇಟ್ ಎಂಬ ಚಿಕ್ಕ ತಂಡಗಳ ಪಂದ್ಯವನ್ನು ತೋರಿಸಿದ್ದು ನಾಲ್ಕೇ ಕೇಂದ್ರಗಳು. ನಾಲ್ಕೂ ತಂಡಗಳಿಗೆ ಸಿಕ್ಕ ದುಡ್ಡು ಒಂದೇ! ದೊಡ್ಡ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 7-2ರಿಂದ ಆ ಏಕಸ್ವಾಮ್ಯವನ್ನು ಮುರಿಯಿತು, ದೊಡ್ಡವರು ತಮ್ಮ ತಮ್ಮ ಹಕ್ಕು ತಾವೇ ಮಾರಿಕೊಳ್ಳತೊಡಗಿದರು. ಒಪ್ಪದ ಇಬ್ಬರಲ್ಲಿ ಒಬ್ಬರಾದ ಬೈರನ್ ವೈಟ್ ಸ್ವತಃ ಕಾಲೇಜು ದಿನಗಳಲ್ಲಿ ಹೆಸರಾಂತ ಫುಟ್ಬಾಲ್ ಆಟಗಾರರಾಗಿದ್ದವರು. ಆ ಸಮಪಾಲನ್ನು ತೀರ್ಪು ಅಸಂಬದ್ಧತೆಗೆ ಉದಾಹರಣೆಯಾಗಿ ಕೊಡುತ್ತದೆ. ನನಗೋ ಇಡೀ ಕಡತದಲ್ಲಿ ಅದೊಂದೇ ನ್ಯಾಯವಾಗಿ ಕಾಣುತ್ತದೆ. ನಮ್ಮ ಗೈಡ್ ಇದನ್ನು ಒಪ್ಪುವುದಿಲ್ಲ.

1982ರಲ್ಲಿ ಅಲ್ಲಿ ವೃತ್ತಿಪರ ಆಟಗಾರರು ಮುಷ್ಕರ ಹೂಡಿದ್ದರು. ತೋರಿಸಲು ಏನೂ ಇಲ್ಲದೆ ಅಕ್ಟೋಬರ್ 3ರ ಭಾನುವಾರ ಸಿಬಿಎಸ್ ವಾಹಿನಿ ಮೂರನೇ ದರ್ಜೆಯ ಕಾಲೇಜುಗಳ ಪಂದ್ಯಗಳನ್ನು ಪ್ರಸಾರ ಮಾಡಿತು. ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ದರ್ಜೆ ಅದು. ಆ ಹುಡುಗರ ಮನೆಗಳಲ್ಲಿ ಅವತ್ತು ಏನು ನಡೆದಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಪಂದ್ಯ ಮುಗಿದ ಮೇಲೆ ಆ ಸೀಟಿಯ ಸರ್ ತಾವಾಗಿಯೇ ಚಹಾದಂಗಡಿಗೆ ಕರೆದರು. ಸಿಟ್ಟು ಇಳಿದಿತ್ತು. ಹಿಂದಿನ ವರ್ಷ ಹುಡುಗಿಯರ ಕಬಡ್ಡಿ ನಡೆದಾಗ ಯಾರೋ ವಿಡಿಯೊ ಹಾಕಿದ್ದರಂತೆ. ಅದರ ತುಣುಕುಗಳು ಕತ್ತರಿಸಿಕೊಂಡು ಎಲ್ಲೆಲ್ಲಿಗೋ ಹೋಗಿ, ಕೆಳಗೆ ಬಂದ ಕಾಮೆಂಟು ನೋಡಿ ಇಬ್ಬರು ಹುಡುಗಿಯರನ್ನು ಮನೆಯವರು ಆಟ ಬಿಡಿಸಿದರಂತೆ. "ಅವರ ಅವ್ವ ಬಂದು ನನ್ನ ಕೇಳಿದ್ಳರಿ, ಯಾರನ್ನ ಕೇಳಿ ಹಾಕಿದ್ರಿ ಅಂತ. ಏನ್ ಹೇಳಲಿ?"

ನನ್ನಲ್ಲೂ ಉತ್ತರವಿರಲಿಲ್ಲ. ನಾನು ಹುಡುಗನ ಅಪ್ಪನಿಗಾಗಿ ಲೈವ್ ಮಾಡಿದ್ದೆ ನಿಜ, ಆದರೆ ಉಳಿದ ಇಪ್ಪತ್ತೊಂದು ಆಟಗಾರರನ್ನು ಕೇಳಿರಲಿಲ್ಲ. ರೂಮಿಗೆ ಬಂದು ಕಾಯ್ದೆ ತೆರೆದು ಪ್ರದರ್ಶಕ ಎಂಬುದರ ವ್ಯಾಖ್ಯೆಯನ್ನು ಮತ್ತೆ ಓದಿದೆ. ನಟ, ಗಾಯಕ, ದೊಂಬರಾಟದವರು, ಕಣ್ಕಟ್ಟಿನವರು, ಹಾವಾಡಿಗರು, ಉಪನ್ಯಾಸ ಕೊಡುವವರು, ಎಲ್ಲರ ಹೆಸರೂ ಅಲ್ಲಿದೆ. ಆಟಗಾರನ ಹೆಸರಿಲ್ಲ. ಕೊನೆಯಲ್ಲಿ 'ಪ್ರದರ್ಶನ ನೀಡುವ ಇತರ ಯಾರೇ ಆಗಲಿ' ಎಂಬರ್ಥದ ಒಂದು ಬಾಲವಿದೆ, ವಕೀಲರು ಬೇಕಾದರೆ ಅದರಲ್ಲಿ ತೂರಿಸಬಹುದು. ಹಾವಾಡಿಗನನ್ನು ನೆನಪಿಟ್ಟುಕೊಂಡವರಿಗೆ ಕೆಸರಿನಲ್ಲಿ ಎಂಟು ಸಲ ಬಿದ್ದೆದ್ದ ಎಡ ಅಂಚಿನ ಹುಡುಗ ನೆನಪಾಗಲಿಲ್ಲ. ಅವನ ಹಕ್ಕಿನ ಬಗ್ಗೆ ನನ್ನ ಅಧ್ಯಾಯದಲ್ಲೂ ಇದ್ದದ್ದು ಒಂದು ಅಡಿಟಿಪ್ಪಣಿ ಮಾತ್ರ.

ಸೆಮಿಫೈನಲ್ಲಿನಲ್ಲಿ ನಾವು ಸೋತೆವು. ಅವನು ಗೋಲು ಹೊಡೆಯಲಿಲ್ಲ, ಎರಡನೇ ಅರ್ಧದಲ್ಲಿ ಹೊರಗೆ ಕರೆಸಿದರು. ರಾತ್ರಿ ಅವನ ಅಪ್ಪ ಫೋನ್ ಮಾಡಿದರು. ಲೈವ್ ನಿಂತಿದ್ದು ನೆಟ್‌ವರ್ಕ್ ತೊಂದರೆ ಅಂದುಕೊಂಡಿದ್ದರು, ನಾನು ತಿದ್ದಲಿಲ್ಲ. "ಗಾಡಿ ಬಾಜೂಕ ಹಚ್ಚಿ ನೋಡಿದ್ನ್ರಿ ಸರ್. ಸಣ್ಣಾಂವ ಇದ್ದಾಗ ಎಡಗೈಲೇ ಉಣ್ತಾನ ಅಂತ ಭಾಳ ಬೈತಿದ್ವಿ ಅವಗ. ಈಗ ನೋಡ್ರಿ, ಆ ಕಡೆ ಕಾಲಿಲೇ ಒದಿಯಾಕತ್ತಾನ."

ವಿಡಿಯೊವನ್ನು ಸಾರ್ವಜನಿಕವಾಗಿ ಇಟ್ಟಿಲ್ಲ. ಲಿಂಕು ಅವರ ಹತ್ತಿರ ಮಾತ್ರ ಇದೆ.

ಈ ವರ್ಷದ ಪಂದ್ಯಗಳು ಮುಂದಿನ ವಾರ ಶುರುವಾಗುತ್ತವೆ. ಒಂದು ಪುಟದ ಅರ್ಜಿ ಬರೆದು ಸೀಟಿಯ ಸರ್‌ಗೆ ಕೊಟ್ಟು ಬಂದಿದ್ದೇನೆ. ಕೆಳಗೆ ಎರಡೂ ತಂಡದ ಆಟಗಾರರು ಸಹಿ ಮಾಡಲು ಸಾಲು ಎಳೆದಿದ್ದೇನೆ, ಬೇಡ ಎನ್ನುವವರಿಗೆ ಪಕ್ಕದಲ್ಲಿ ಇನ್ನೊಂದು ಸಾಲು. ಅವರು ಅದನ್ನು ಎರಡು ಸಲ ಓದಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, "ನೋಡೋಣ್ರಿ, ಪ್ರಿನ್ಸಿಪಾಲರಿಗೆ ಹೇಳಬೇಕು" ಎಂದಿದ್ದಾರೆ.