ಮಖಾ ಮಳೆಯ ಸೊನ್ನೆ

ಮಳೆ ನಕ್ಷತ್ರಗಳ ಹೆಸರು ಕೊಟ್ಟು ಸಾರ್ಟ್ ಮಾಡು ಅಂದ್ರೆ ಪಾಂಡಾಸ್ ಅಕ್ಷರಮಾಲೆ ಹಿಡಿಯುತ್ತೆ. ಅಶ್ವಿನಿ ಬೆನ್ನಿಗೇ ಆರಿದ್ರಾ, ರೋಹಿಣಿ ಮೃಗಶಿರಾ ಆದಮೇಲೆ. ನಮ್ಮೂರಲ್ಲಿ ಹೇಳಿದ್ರೆ ನಗ್ತಾರೆ.

ಇದಕ್ಕೇ ಕ್ಯಾಟಗರಿಕಲ್ ಅನ್ನೋ ಟೈಪ್ ಇರೋದು. 27 ನಕ್ಷತ್ರಗಳನ್ನ ನಾವೇ ಸಾಲಾಗಿ ಬರೆದುಕೊಟ್ಟು 'ಆರ್ಡರ್ಡ್' ಅಂದ್ರೆ ಆಯ್ತು. ಹೆಸರುಗಳನ್ನ ಒಂದೇ ಸಲ ಇಟ್ಕೊಂಡು, ಪ್ರತಿ ಸಾಲಿಗೂ ಸಣ್ಣದೊಂದು ಸಂಖ್ಯೆ ಹಾಕುತ್ತೆ. ಮೆಮೊರಿ ಉಳಿಯುತ್ತೆ ಅಂತ ಎಲ್ಲರೂ ಹೊಗಳೋದು ಇದನ್ನೇ. ನನ್ನ ಹತ್ರ ಇದ್ದಿದ್ದು ಮಳೆ ಬಂದ ದಿನಗಳನ್ನ ಅಪ್ಪ ಬರೆದಿಟ್ಟ ಎರಡು ನೋಟ್‌ಬುಕ್ಕು, ಅದಕ್ಕೆಂಥ ಮೆಮೊರಿ!

ಹುಷಾರಾಗಿರಬೇಕಾದ್ದು ಬೇರೆ ಕಡೆ. ಅಪ್ಪ ಒಂದು ವರ್ಷ ಆರಿದ್ರಾ ಅಂತಾರೆ, ಇನ್ನೊಂದು ವರ್ಷ ಆರ್ದ್ರಾ, ಕೆಲವು ಕಡೆ ಆರಿದ್ರೆ. ಆ ಟೈಪಿಗೆ ಬದಲಾಯಿಸುವಾಗ ಪಟ್ಟಿಯಲ್ಲಿಲ್ಲದ ಹೆಸರನ್ನ ಪಾಂಡಾಸ್ ಎರರ್ ಕೊಡದೆ ಖಾಲಿ ಮಾಡಿಬಿಡುತ್ತೆ. ಆಮೇಲೆ ಗ್ರೂಪ್‌ಬೈ ಆ ಸಾಲುಗಳನ್ನ ಎಣಿಸೋದೇ ಇಲ್ಲ. ಸುರಿದ ಮಳೆ ಕಾಗದದ ಮೇಲೆ ಬರಗಾಲ! ಅದಕ್ಕೇ ಮೊದಲು ಯೂನಿಕ್ ಹಾಕಿ ಹೆಸರುಗಳನ್ನೆಲ್ಲ ಓದಿದೆ. ಗೊತ್ತಾಗದ್ದನ್ನ ಅಪ್ಪನ ಹತ್ರ ಫೋನಲ್ಲಿ ಕೇಳಿ ಒಂದೊಂದಾಗಿ ಸೇರಿಸಿದೆ.

ಇನ್ನೊಂದು ನನಗೆ ತುಂಬಾ ಇಷ್ಟ. ಗ್ರೂಪ್‌ಬೈಯಲ್ಲಿ 'ಅಬ್ಸರ್ವ್ಡ್' ಅನ್ನೋದಕ್ಕೆ ಫಾಲ್ಸ್ ಕೊಟ್ಟರೆ ಒಂದು ಹನಿಯೂ ಬೀಳದ ನಕ್ಷತ್ರ ಮಾಯ ಆಗಲ್ಲ, ಸೊನ್ನೆ ಇಟ್ಕೊಂಡು ತನ್ನ ಜಾಗದಲ್ಲೇ ಕೂತಿರುತ್ತೆ. ರೈತನಿಗೆ ಬೇಕಾದ ಲೆಕ್ಕ ಅದೇ ಅಲ್ವಾ? 2023ರ ಮಖಾ ಮಳೆ ಮುಂದೆ 0 ಇತ್ತು. ಅಪ್ಪನಿಗೆ ಓದಿ ಹೇಳಿದೆ.

"ಹೂಂ ಕಣೋ, ರಾಗಿ ಒಣಗಿದ್ದು ಆಗಲೇ. ಹುಬ್ಬೆ ಎಷ್ಟಿದೆ ನೋಡು."